ಸಂಪಾದಕರಿಲ್ಲದ ಬರಹ: ಕನ್ನಡದ ಸ್ವತಂತ್ರ ವೈಯಕ್ತಿಕ ಬ್ಲಾಗುಗಳಲ್ಲಿ ಭಾಷಾವೈವಿಧ್ಯ ಮತ್ತು ಆಪ್ತತೆ

ಸಾರಾಂಶ

ಒಬ್ಬ ವ್ಯಕ್ತಿ ತನ್ನದೇ ವಿಳಾಸದಲ್ಲಿ, ಸಂಪಾದಕರ ತಿದ್ದುಪಡಿಗೆ ಒಳಗಾಗದೆ, ದಿನಾಂಕಸಹಿತವಾಗಿ ಪ್ರಕಟಿಸುತ್ತ ಹೋಗುವ ಬರಹಗಳ ಸಂಚಯವನ್ನು ಸ್ವತಂತ್ರ ವೈಯಕ್ತಿಕ ಬ್ಲಾಗು ಎನ್ನಬಹುದು. ಕನ್ನಡದ ಇಂಥ ಬ್ಲಾಗುಗಳಲ್ಲಿ ಕಾಣುವ ಭಾಷಾವೈವಿಧ್ಯವು ಶಿಷ್ಟ ಬರಹದಿಂದಾದ ಜಾರುವಿಕೆಯಲ್ಲ, ಬಹುಮಟ್ಟಿಗೆ ವ್ಯವಸ್ಥಿತವಾದ ಆಯ್ಕೆ ಎಂಬುದು ಈ ಲೇಖನದ ವಾದ. ಕಾಗುಣಿತ, ಕ್ರಿಯಾರೂಪ, ಸಂಬೋಧನೆ ಮತ್ತು ಭಾಷಾಮಿಶ್ರಣ ಎಂಬ ನಾಲ್ಕು ನೆಲೆಗಳಲ್ಲಿ ಈ ಆಯ್ಕೆಗಳನ್ನು ವಿವರಿಸಿ, ಓದುಗರು ಗುರುತಿಸುವ ಆಪ್ತತೆಗೆ ಅವೇ ಆಧಾರವೆಂದು ತೋರಿಸಲಾಗಿದೆ. ಕೊನೆಯಲ್ಲಿ, ಈ ಬರಹಗಳನ್ನು ಸಂಶೋಧನೆಯ ಆಕರವಾಗಿ ಬಳಸುವಾಗ ಎದುರಾಗುವ ವಿಧಾನ, ನೀತಿ ಮತ್ತು ಸಂರಕ್ಷಣೆಯ ಪ್ರಶ್ನೆಗಳನ್ನು ಚರ್ಚಿಸಲಾಗಿದೆ.

ಪ್ರಮುಖ ಪದಗಳು: ಬ್ಲಾಗು, ದ್ವಿಸ್ತರತೆ, ವ್ಯಕ್ತಿಭಾಷೆ, ಕಾಗುಣಿತ ವೈವಿಧ್ಯ, ಶ್ರೋತೃವಿನ್ಯಾಸ, ಪಠ್ಯಕೋಶ

1. ಪೀಠಿಕೆ

ಬರಹದ ಕನ್ನಡವನ್ನು ಕುರಿತ ನಮ್ಮ ತಿಳಿವಳಿಕೆಯ ಬಹುಪಾಲು ಮುದ್ರಿತ ಪಠ್ಯಗಳನ್ನು ಆಧರಿಸಿದೆ. ಮುದ್ರಿತ ಪಠ್ಯವೆಂದರೆ ಲೇಖಕರ ಕೈಯಿಂದ ಹೊರಟು, ಸಂಪಾದಕರನ್ನೂ ಕರಡು ತಿದ್ದುವವರನ್ನೂ ದಾಟಿ, ಪತ್ರಿಕೆಯ ಅಥವಾ ಪ್ರಕಾಶನದ ಕಾಗುಣಿತ ನಿಯಮಕ್ಕೆ ಒಗ್ಗಿಕೊಂಡು ಬಂದ ಪಠ್ಯ. ಆದ್ದರಿಂದ ಅದರಲ್ಲಿ ನಮಗೆ ದೊರೆಯುವುದು ಒಬ್ಬ ವ್ಯಕ್ತಿಯ ಬರಹವಲ್ಲ. ಹಲವರು ಸೇರಿ ಒಪ್ಪಿದ ಬರಹ. ಒಬ್ಬ ಕನ್ನಡಿಗ ಯಾರೂ ತಿದ್ದದಿದ್ದಾಗ ಹೇಗೆ ಬರೆಯುತ್ತಾನೆ ಎಂಬ ಪ್ರಶ್ನೆಗೆ ಹಿಂದೆ ಖಾಸಗಿ ಪತ್ರ ಮತ್ತು ದಿನಚರಿಗಳಲ್ಲಿ ಮಾತ್ರ ಉತ್ತರ ಹುಡುಕಬೇಕಾಗಿತ್ತು. ಅವು ಮನೆಯ ಪೆಟ್ಟಿಗೆಗಳಲ್ಲಿ ಉಳಿದವು. ಸಂಶೋಧಕರಿಗೆ ದಕ್ಕಿದ್ದು ಕಡಿಮೆ.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಈ ಪರಿಸ್ಥಿತಿ ಬದಲಾಯಿತು. ವೃತ್ತಿಯಿಂದ ಲೇಖಕರಲ್ಲದ ಅನೇಕರು, ಅಂದರೆ ತಂತ್ರಜ್ಞರು, ಅಧ್ಯಾಪಕರು, ಗೃಹಿಣಿಯರು, ವಿದ್ಯಾರ್ಥಿಗಳು, ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರು, ತಮ್ಮ ಬಾಲ್ಯದ ಊರನ್ನು, ಅಡುಗೆಯನ್ನು, ಪ್ರವಾಸವನ್ನು, ಓದಿದ ಪುಸ್ತಕವನ್ನು, ಬಸ್ಸಿನ ಪ್ರಯಾಣವನ್ನು ಕುರಿತು ಸಾರ್ವಜನಿಕವಾಗಿ ಬರೆಯತೊಡಗಿದರು. ವಿಷಯಗಳ ಈ ಹರವು ಎದ್ದು ಕಾಣುವಂಥದು. ಆದರೆ ಭಾಷಾವಿಜ್ಞಾನದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು, ಆ ವಿಷಯಗಳನ್ನು ಹೇಳಲು ಅವರು ಆರಿಸಿಕೊಂಡ ಕನ್ನಡಗಳ ಹರವು.

ಈ ಲೇಖನ ಎಣಿಕೆಯ ಅಧ್ಯಯನವಲ್ಲ. ಎಣಿಕೆಗೆ ಮೊದಲು ಏನನ್ನು ಎಣಿಸಬೇಕು, ಏಕೆ ಎಣಿಸಬೇಕು ಎಂಬುದನ್ನು ಸ್ಪಷ್ಟಪಡಿಸುವ ವಿವರಣಾತ್ಮಕ ಚೌಕಟ್ಟನ್ನು ನಾವು ಇಲ್ಲಿ ಮುಂದಿಡುತ್ತೇವೆ. ಉದಾಹರಣೆಯಾಗಿ ಕೊಟ್ಟಿರುವ ವಾಕ್ಯಗಳೆಲ್ಲ ನಾವೇ ರಚಿಸಿದ ಮಾದರಿಗಳು. ಹೀಗೆ ಮಾಡಿದ ಕಾರಣವನ್ನು ಆರನೆಯ ಭಾಗದಲ್ಲಿ ಹೇಳಿದ್ದೇವೆ.

2. ಪದ ಮತ್ತು ಪ್ರಕಾರ

'ವೆಬ್‌ಲಾಗ್' ಎಂಬ ಪದವನ್ನು ಜಾರ್ನ್ ಬಾರ್ಗರ್ 1997ರಲ್ಲಿ ಬಳಕೆಗೆ ತಂದರು. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಅದನ್ನು ತಮಾಷೆಗೆ ಒಡೆದು 'ಬ್ಲಾಗ್' ಮಾಡಿದರು. ಅದೇ ವರ್ಷ ಆರಂಭವಾದ ಬ್ಲಾಗರ್ ಸೇವೆಯನ್ನು 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಸ್ವಂತ ತಾಣ ಕಟ್ಟುವ ತಾಂತ್ರಿಕ ತಿಳಿವಳಿಕೆ ಇಲ್ಲದವರೂ ಪ್ರಕಟಿಸುವಂತಾದದ್ದು ಇಂಥ ಸೇವೆಗಳಿಂದ.

ಕನ್ನಡಕ್ಕೆ ಬಂದ ಮೇಲೆ ಈ ಪದ ಬಹುಬೇಗ ಕನ್ನಡದ ವ್ಯಾಕರಣಕ್ಕೆ ಒಗ್ಗಿತು. ವ್ಯಂಜನಾಂತ್ಯದ ಎರವಲು ಪದಗಳಿಗೆ ಉಕಾರ ಸೇರುವ ನಿಯಮದಂತೆ 'ಬ್ಲಾಗು' ಆಯಿತು. 'ಬ್ಲಾಗಿನಲ್ಲಿ', 'ಬ್ಲಾಗಿಗೆ' ಎಂದು ವಿಭಕ್ತಿಗಳನ್ನು ಪಡೆಯಿತು. 'ಲೆಕ್ಕಿಗ', 'ಕನ್ನಡಿಗ' ಎಂಬಲ್ಲಿಯ -ಇಗ ಪ್ರತ್ಯಯ ಸೇರಿ 'ಬ್ಲಾಗಿಗ' ಹುಟ್ಟಿತು. -ಇಸು ಸೇರಿ 'ಬ್ಲಾಗಿಸು' ಎಂಬ ಧಾತುವೂ ಬಂತು. ವಿಭಕ್ತಿ ಪ್ರತ್ಯಯಗಳು ಯಾವ ಎರವಲು ಪದಕ್ಕಾದರೂ ಹತ್ತುತ್ತವೆ. ಆದರೆ ಸಾಧಿತ ಪ್ರತ್ಯಯಗಳು ಹೊಸ ಎರವಲಿಗೆ ಹತ್ತುವುದು ಅಷ್ಟು ಸಾಮಾನ್ಯವಲ್ಲ. ಬರೆಯುವವರ ಒಂದು ಬಳಗ ತನ್ನನ್ನು ತಾನು ಹೆಸರಿಸಿಕೊಳ್ಳಬೇಕಾಗಿತ್ತು ಎಂಬುದನ್ನು 'ಬ್ಲಾಗಿಗ' ಎಂಬ ರೂಪ ತೋರಿಸುತ್ತದೆ.

ಪ್ರಕಾರವಾಗಿ ಬ್ಲಾಗನ್ನು ಅಧ್ಯಯನ ಮಾಡಿದವರಲ್ಲಿ ಸೂಸನ್ ಹೆರಿಂಗ್ ಮತ್ತು ಸಂಗಡಿಗರು ಪ್ರಮುಖರು. ಸುದ್ದಿ ಮತ್ತು ರಾಜಕೀಯದ ಬ್ಲಾಗುಗಳೇ ಚರ್ಚೆಯಲ್ಲಿದ್ದ ಕಾಲದಲ್ಲಿ, ಅವರು 2004ರಲ್ಲಿ ಮಂಡಿಸಿದ ಅಧ್ಯಯನವು ತಮ್ಮ ಮಾದರಿಯಲ್ಲಿ ಅತಿ ಹೆಚ್ಚಿನವು ವೈಯಕ್ತಿಕ ದಿನಚರಿಯ ಬಗೆಯವೆಂದು ತೋರಿಸಿತು. ಅವರ ಪ್ರಕಾರ ಬ್ಲಾಗು ಪೂರ್ತಿ ಹೊಸ ಪ್ರಕಾರವಲ್ಲ; ಹಳೆಯ ದಿನಚರಿ, ಪತ್ರಗಳಿಗೂ ಗಣಕದ ಮೂಲಕ ನಡೆಯುವ ಸಂವಾದಕ್ಕೂ ನಡುವಿನ ಸೇತುವೆ. ಕನ್ನಡದಲ್ಲಿ ಈ ಸೇತುವೆಯ ಒಂದು ತುದಿ ಲಲಿತ ಪ್ರಬಂಧ, ಹರಟೆ ಮತ್ತು ಅಂಕಣಬರಹದ ಪರಂಪರೆಯಲ್ಲಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್, ಎ. ಎನ್. ಮೂರ್ತಿರಾವ್ ಅವರ ಪ್ರಬಂಧಗಳನ್ನು ಓದಿ ಬೆಳೆದವರಿಗೆ ಸಣ್ಣ ಅನುಭವದಿಂದ ಹೊರಟು ಹರಟುತ್ತ ಸಾಗುವ ಗದ್ಯ ಹೊಸದಲ್ಲ. ಬ್ಲಾಗು ತಂದ ಹೊಸತು ವಸ್ತುವಿನಲ್ಲಿಲ್ಲ. ಈ ಬಗೆಯ ಗದ್ಯ ಪತ್ರಿಕೆಯ ಬಾಗಿಲನ್ನು ಹಾಯದೆ ಓದುಗರನ್ನು ತಲುಪಿದ್ದೇ ಹೊಸತು.

3. ತಾಂತ್ರಿಕ ಹಿನ್ನೆಲೆ ಮತ್ತು ಅದರ ಗುರುತುಗಳು

ಬ್ಲಾಗಿನ ಕನ್ನಡವನ್ನು ವಿಶ್ಲೇಷಿಸುವ ಮೊದಲು ಅದು ಪರದೆಯ ಮೇಲೆ ಹೇಗೆ ಮೂಡಿತು ಎಂಬುದನ್ನು ತಿಳಿಯಬೇಕು. ಯೂನಿಕೋಡ್ ಸಂಕೇತಕ್ರಮದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಸಿಕ್ಕಿತ್ತು. ಆದರೆ ಸಾಮಾನ್ಯ ಬಳಕೆದಾರರ ಗಣಕದಲ್ಲಿ ಅದು ನೆಲೆಗೊಂಡದ್ದು ತಡವಾಗಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಕನ್ನಡ ಅಕ್ಷರಶೈಲಿಯನ್ನು ಒಳಗೊಂಡಿತ್ತು. ಅದಕ್ಕೆ ಮೊದಲು ಒಂದೊಂದು ತಾಣವೂ ತನ್ನದೇ ಅಕ್ಷರಶೈಲಿಯನ್ನು ನೆಚ್ಚಿಕೊಂಡಿತ್ತು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಪಠ್ಯ ಅರ್ಥಹೀನ ಚಿಹ್ನೆಗಳ ಸಾಲಾಗುತ್ತಿತ್ತು. 1998ರಲ್ಲಿ ಬಂದ 'ಬರಹ' ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ 'ನುಡಿ', ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಇವು ಕನ್ನಡ ಬೆರಳಚ್ಚನ್ನು ಸಾಮಾನ್ಯರ ಕೈಗೆ ತಂದವು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ 'ಸಂಪದ' ತಾಣ ಆರಂಭವಾದವು. ವೈಯಕ್ತಿಕ ಬ್ಲಾಗುಗಳ ಬೆಳೆ ಬಂದದ್ದೂ ಇದೇ ಹೊತ್ತಿಗೆ.

ಈ ಹಿನ್ನೆಲೆ ಪಠ್ಯದ ಮೇಲೆ ತನ್ನ ಗುರುತು ಬಿಟ್ಟಿದೆ. 'ಬ್ಲಾಗ್‌ನಲ್ಲಿ' ಎಂದು ಗಕಾರವನ್ನು ಬಿಡಿಯಾಗಿ ತೋರಿಸಲು ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದಿಲ್ಲದಿದ್ದರೆ 'ಬ್ಲಾಗ್ನಲ್ಲಿ' ಎಂದು ಒತ್ತಕ್ಷರವಾಗುತ್ತದೆ. ಅನುಸ್ವಾರದ ಜಾಗದಲ್ಲಿ ಅದರಂತೆಯೇ ಕಾಣುವ ಕನ್ನಡದ ಸೊನ್ನೆ ಅಂಕಿಯನ್ನು ಬಳಸಿದ ಪಠ್ಯಗಳೂ ಬಹಳ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ 'ಎಂದು' ಬೇರೆ, 'ಎ೦ದು' ಬೇರೆ. ಪದಗಳ ಆವರ್ತನೆಯನ್ನು ಎಣಿಸಹೊರಟ ವಿದ್ಯಾರ್ಥಿ ಇದನ್ನು ಗಮನಿಸದಿದ್ದರೆ ಕನ್ನಡದ ಅತಿ ಸಾಮಾನ್ಯ ಪದಗಳ ಎಣಿಕೆಯೇ ತಪ್ಪುತ್ತದೆ.

4. ವೈವಿಧ್ಯದ ನಾಲ್ಕು ನೆಲೆಗಳು

4.1 ಕಾಗುಣಿತ

ತಿದ್ದುವವರಿಲ್ಲದ ಬರಹದಲ್ಲಿ ಮೊದಲು ಕಾಣುವುದು ಕಾಗುಣಿತದ ವ್ಯತ್ಯಾಸ. ಅದನ್ನೆಲ್ಲ 'ತಪ್ಪು' ಎಂಬ ಒಂದೇ ಹೆಸರಿನಡಿ ಸೇರಿಸಿದರೆ ಭಿನ್ನ ಮೂಲಗಳ ಸಂಗತಿಗಳು ಬೆರೆತುಹೋಗುತ್ತವೆ. ಕನಿಷ್ಠ ಮೂರು ಮೂಲಗಳನ್ನು ಬೇರ್ಪಡಿಸಬೇಕು: ಕೀಲಿಯ ಜಾರುವಿಕೆ, ಉಚ್ಚಾರಣೆಯ ಪ್ರಭಾವ, ಉದ್ದೇಶಪೂರ್ವಕ ನಿಲುವು.

'ಬೆಳಕು' ಎಂಬುದರ ಬದಲು 'ಬೆಲಕು' ಎಂದಿದ್ದರೆ ಅದು ಉಪಭಾಷೆಯ ಗುರುತೋ ಬೆರಳಿನ ಜಾರುವಿಕೆಯೋ ಹೇಳುವುದು ಕಷ್ಟ. ರಾವ್ ವಿನ್ಯಾಸದಲ್ಲಿಯೂ ರೋಮನ್ ಅಕ್ಷರಗಳ ಮೂಲಕ ಬರೆಯುವ ಕ್ರಮದಲ್ಲಿಯೂ ಲಕಾರ ಮತ್ತು ಳಕಾರ ಒಂದೇ ಕೀಲಿಯಲ್ಲಿವೆ. ಶಿಫ್ಟ್ ಒತ್ತುವುದಷ್ಟೇ ವ್ಯತ್ಯಾಸ. ಆದರೆ 'ಹಾಲು' ಎಂಬುದರ ಬದಲು 'ಆಲು' ಎಂದಿದ್ದರೆ ಜಾರುವಿಕೆಯ ವಿವರಣೆ ದುರ್ಬಲ, ಏಕೆಂದರೆ ಹಕಾರಕ್ಕೆ ತನ್ನದೇ ಕೀಲಿ ಇದೆ. ಅದೇ ಬರಹಗಾರರಲ್ಲಿ 'ಅಕ್ಕಿ'ಗೆ 'ಹಕ್ಕಿ' ಎಂಬ ಅತಿಶುದ್ಧಿಯೂ ಕಂಡರೆ ಹಕಾರಲೋಪದ ಉಪಭಾಷೆಯ ಹಿನ್ನೆಲೆಯನ್ನು ಊಹಿಸಲು ಬಲವಾದ ಆಧಾರವಿದೆ.

ಮಹಾಪ್ರಾಣಗಳಲ್ಲಿ ಈ ಮೂರು ಮೂಲಗಳೂ ಒಟ್ಟಿಗೆ ಎದುರಾಗುತ್ತವೆ. 'ಧನ' ಎಂಬುದನ್ನು 'ದನ' ಎಂದು ಬರೆದದ್ದು ಜಾರುವಿಕೆಯಾದರೆ ಅದು ಅಲ್ಲೊಂದು ಇಲ್ಲೊಂದು ಕಾಣಬೇಕು. ಉಚ್ಚಾರಣೆಯ ಪ್ರಭಾವವಾದರೆ ದಿನಬಳಕೆಯ ಪದಗಳಲ್ಲಿ ಹೆಚ್ಚು, ಪುಸ್ತಕದಿಂದ ಕಲಿತ ಪದಗಳಲ್ಲಿ ಕಡಿಮೆ ಕಾಣಬೇಕು. ನಿಲುವಾದರೆ ಅದಕ್ಕೆ ಅಪವಾದವೇ ಇರಬಾರದು. ಷಕಾರದ ಜಾಗದಲ್ಲಿ ಶಕಾರವೂ ಬಂದಿರಬೇಕು. ಡಿ. ಎನ್. ಶಂಕರ ಬಟ್ ಅವರು ಮುಂದಿಟ್ಟ 'ಹೊಸಬರಹ'ದ ಪ್ರತಿಪಾದನೆ ಈ ಮೂರನೆಯ ಬಗೆಗೆ ಸೇರಿದ್ದು. ಅವರು ತಮ್ಮ ಹೆಸರನ್ನೂ ಹಾಗೆಯೇ ಬರೆದುಕೊಂಡರು. ದಿನಪತ್ರಿಕೆಗಳೂ ಪಠ್ಯಪುಸ್ತಕಗಳೂ ಸ್ವೀಕರಿಸದ ಈ ಕ್ರಮವನ್ನು ದಿನನಿತ್ಯದ ಗದ್ಯದಲ್ಲಿ ಬಳಸಿ ನೋಡಿದವರು ಮುಖ್ಯವಾಗಿ ಜಾಲದ ಬರಹಗಾರರು. ಒಂದು ಲಿಪಿಸುಧಾರಣೆಯ ಪ್ರಸ್ತಾಪ ಬಳಕೆಯಲ್ಲಿ ಹೇಗೆ ನಡೆಯುತ್ತದೆ, ಎಲ್ಲಿ ತೊಡರುತ್ತದೆ ಎಂಬುದಕ್ಕೆ ಇಂಥ ಪುರಾವೆ ಬೇರೆಡೆ ದೊರೆಯುವುದಿಲ್ಲ.

ಲಿಪಿಯಲ್ಲಿ ಇಲ್ಲದ ಧ್ವನಿಗೆ ಹೊಸ ಚಿಹ್ನೆ ಹುಡುಕಿಕೊಂಡ ನಿದರ್ಶನವೂ ಇದೆ. ಹವ್ಯಕ ಕನ್ನಡದ ಜಾಲಬರಹಗಳಲ್ಲಿ 'ಅವ°', 'ಬಂದ°' ಎಂಬಂತೆ ಪದಾಂತ್ಯದ ಅನುನಾಸಿಕತೆಯನ್ನು ತೋರಿಸಲು ಉಷ್ಣತೆಯ ಡಿಗ್ರಿ ಚಿಹ್ನೆಯನ್ನು ಬಳಸುವುದು ಕಾಣುತ್ತದೆ. ಇದನ್ನು ಯಾವ ಸಮಿತಿಯೂ ನಿರ್ಧರಿಸಿದ್ದಲ್ಲ. ಕೀಲಿಮಣೆಯಲ್ಲಿ ಕೈಗೆ ಸಿಕ್ಕ ಚಿಹ್ನೆ ಬಳಕೆಯಿಂದಲೇ ಹರಡಿತು.

4.2 ಕ್ರಿಯಾರೂಪ ಮತ್ತು ದ್ವಿಸ್ತರತೆ

ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಡೈಗ್ಲಾಸಿಯ, ಅಂದರೆ ದ್ವಿಸ್ತರತೆಯ ಕಲ್ಪನೆಯನ್ನು ವಿವರಿಸುವಾಗ, ಯಾವ ಸಂದರ್ಭಕ್ಕೆ ಮೇಲ್ಸ್ತರ, ಯಾವುದಕ್ಕೆ ಕೆಳಸ್ತರ ಎಂಬ ಪಟ್ಟಿಯೊಂದನ್ನು ಕೊಟ್ಟರು. ಆ ಪಟ್ಟಿಯಲ್ಲಿ ಖಾಸಗಿ ಪತ್ರವೂ ಮೇಲ್ಸ್ತರದ ಪಾಲಿಗೇ ಸೇರಿತ್ತು: ಆಪ್ತರಿಗೆ ಬರೆದರೂ ಅದು ಬರಹವೇ. ಕನ್ನಡದಲ್ಲಿಯೂ ಮಾತಿಗೂ ಬರಹಕ್ಕೂ ನಡುವೆ ಸ್ಪಷ್ಟ ಅಂತರವಿದೆ. 'ಹೋಗುತ್ತೇನೆ' ಎಂಬ ಬರಹರೂಪಕ್ಕೆ ಮೈಸೂರು-ಬೆಂಗಳೂರಿನ ಮಾತಿನಲ್ಲಿ 'ಹೋಗ್ತೀನಿ', ಮಂಗಳೂರಿನ ಕಡೆ 'ಹೋಗ್ತೇನೆ'. 'ಮನೆಯಲ್ಲಿ' ಎಂಬುದು ಧಾರವಾಡದ ಕಡೆ 'ಮನ್ಯಾಗ'. 'ನನಗೆ' ಎಂಬುದು ಅಲ್ಲಿ 'ನನಗ', ಹವ್ಯಕರಲ್ಲಿ 'ಎನಗೆ'.

ಮುದ್ರಿತ ಸಾಹಿತ್ಯದಲ್ಲಿ ಈ ರೂಪಗಳು ಬಹುಮಟ್ಟಿಗೆ ಪಾತ್ರಗಳ ಬಾಯಲ್ಲಿ, ಉದ್ಧರಣ ಚಿಹ್ನೆಗಳ ಒಳಗೆ ಇರುತ್ತಿದ್ದವು. ನಿರೂಪಕರ ಮಾತು ಶಿಷ್ಟದಲ್ಲಿರುತ್ತಿತ್ತು. ದೇವನೂರ ಮಹಾದೇವರ 'ಕುಸುಮಬಾಲೆ'ಯಂಥ ಕೃತಿ ಆ ಗಡಿಯನ್ನು ದಾಟಿದಾಗ ಅದು ಸಾಹಿತ್ಯಕ ಘಟನೆಯೆಂದೇ ಪರಿಗಣಿತವಾಯಿತು. ಬ್ಲಾಗುಗಳಲ್ಲಿ ಈ ದಾಟುವಿಕೆ ದಿನನಿತ್ಯದ ಸಂಗತಿ. ಅಡುಗೆಯ ವಿಧಾನವನ್ನೋ ಚಲನಚಿತ್ರದ ವಿಮರ್ಶೆಯನ್ನೋ ಧಾರವಾಡದ, ಕುಂದಾಪುರದ, ಹವ್ಯಕರ ಕನ್ನಡದಲ್ಲಿ, ಪಾತ್ರದ ಮರೆಯಿಲ್ಲದೆ, 'ನಾನು' ಎಂಬ ನೆಲೆಯಿಂದಲೇ ಬರೆದರು. ಕಥನದ ಹೊರಗೆ, ವಿವರಣೆಯ ಗದ್ಯಕ್ಕೆ ಉಪಭಾಷೆಗಳನ್ನು ದುಡಿಸಿಕೊಂಡದ್ದು ಬರಹದ ಕನ್ನಡದ ಚರಿತ್ರೆಯಲ್ಲಿ ಗಮನಾರ್ಹವಾದ ಬೆಳವಣಿಗೆ.

ಆದರೂ ಪೂರ್ತಿ ಉಪಭಾಷೆಯಲ್ಲಿರುವ ಬ್ಲಾಗುಗಳಿಗಿಂತ ಎರಡು ಸ್ತರಗಳ ನಡುವೆ ಓಡಾಡುವ ಬ್ಲಾಗುಗಳೇ ಹೆಚ್ಚು ಪರಿಚಿತ. ಈ ಮಾದರಿಯನ್ನು ನೋಡಬಹುದು:

(1) ಮೊನ್ನೆ ಊರಿಗೆ ಹೋಗಿದ್ದೆ. ಮಳೆ ಇನ್ನೂ ನಿಂತಿರಲಿಲ್ಲ. ತೋಟದ ದಾರಿಯೆಲ್ಲ ಕೆಸರು. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಆದ್ರೂ ಆ ಮಣ್ಣಿನ ವಾಸನೆ ಇದ್ಯಲ್ಲ, ಅದನ್ನ ಹೇಗೆ ಹೇಳೋದು ಕಣ್ರೀ!

ಮೊದಲ ನಾಲ್ಕು ವಾಕ್ಯಗಳಲ್ಲಿ ಸಂಗತಿಯ ನಿರೂಪಣೆಯಿದೆ, ಕ್ರಿಯಾರೂಪಗಳು ಶಿಷ್ಟದಲ್ಲಿವೆ. ಕೊನೆಯ ವಾಕ್ಯದಲ್ಲಿ ಮೌಲ್ಯಮಾಪನವಿದೆ. 'ಆದ್ರೂ', 'ಇದ್ಯಲ್ಲ', 'ಅದನ್ನ', 'ಹೇಳೋದು' ಎಂದು ರೂಪಗಳೆಲ್ಲ ಒಟ್ಟಿಗೇ ಮಾತಿನ ಕಡೆ ಸರಿದಿವೆ. ಬ್ಲೋಮ್ ಮತ್ತು ಗಂಪರ್ಜ್ (1972) ರೂಪಕಾತ್ಮಕ ಪಲ್ಲಟ ಎಂದು ಕರೆದದ್ದು ಇದೇ. ಸಂದರ್ಭ ಬದಲಾಗದೆ, ಮಾತನಾಡುವವರು ಅದರ ಬಗ್ಗೆ ತಳೆದ ನಿಲುವು ಬದಲಾದಾಗ ನುಡಿಯೂ ಬದಲಾಗುತ್ತದೆ. ಹೀಗೆ ಓದಿದರೆ ಈ ಮಿಶ್ರಣ ಅಶಿಸ್ತಾಗಿ ತೋರುವುದಿಲ್ಲ. ವಾಕ್ಯದ ಕೆಲಸವನ್ನು ಅನುಸರಿಸುವ ಕ್ರಮವಾಗಿ ತೋರುತ್ತದೆ.

ಈ ಪಲ್ಲಟದಲ್ಲಿ ಎಲ್ಲ ರೂಪಗಳೂ ಒಂದೇ ವೇಗದಲ್ಲಿ ಚಲಿಸುವುದಿಲ್ಲ ಎಂಬುದು ಮುಂದಿನ ಅಧ್ಯಯನಕ್ಕೆ ಯೋಗ್ಯವಾದ ಊಹೆ. ಉದ್ಧರಣ ಸೂಚಕವನ್ನು ತೆಗೆದುಕೊಳ್ಳೋಣ. ಬರಹದಲ್ಲಿ 'ಎಂದು', ಮಾತಿನಲ್ಲಿ 'ಅಂತ', ಹವ್ಯಕದಲ್ಲಿ 'ಹೇಳಿ'. 'ಅವನು ಬರುವುದಿಲ್ಲ ಅಂತ ತಿಳಿಯಿತು' ಎಂಬಂತೆ, ಕ್ರಿಯಾಪದಗಳು ಶಿಷ್ಟದಲ್ಲಿಯೇ ಉಳಿದಿರುವಾಗಲೂ 'ಅಂತ' ಒಳಬರುತ್ತದೆ. ಇದಕ್ಕೆ ವಿರುದ್ಧವಾಗಿ 'ಅವನು ಬರಲ್ಲ ಎಂದು ತಿಳಿಯಿತು' ಎಂಬ ಜೋಡಣೆ ನಮ್ಮ ಕಿವಿಗೆ ಅಷ್ಟು ಸಹಜವಲ್ಲ. ಹಾಗಿದ್ದರೆ ಮಾತಿನ ರೂಪಗಳು ಬರಹವನ್ನು ಪ್ರವೇಶಿಸುವುದಕ್ಕೆ ಒಂದು ಶ್ರೇಣಿಯಿದೆ: ಮೊದಲು ನಿಪಾತಗಳು ಮತ್ತು ಸಂಯೋಜಕಗಳು, ಆಮೇಲೆ ನಿಷೇಧರೂಪಗಳು, ಕೊನೆಗೆ ಪುರುಷಪ್ರತ್ಯಯಗಳು. ಈ ಶ್ರೇಣಿಯನ್ನು ಪರೀಕ್ಷಿಸಲು ತಿದ್ದದ ಗದ್ಯವೇ ಬೇಕು. ಕರಡು ತಿದ್ದಿದ ಪಠ್ಯದಲ್ಲಿ ಅದರ ಕುರುಹುಗಳು ಉಳಿದಿರುವುದಿಲ್ಲ.

4.3 ಸಂಬೋಧನೆ

ಬ್ಲಾಗಿಗರಿಗೆ ತಮ್ಮ ಓದುಗರು ಯಾರೆಂದು ತಿಳಿಯದು. ಆದರೂ ಅವರ ಬರಹ ಯಾರನ್ನೋ ಎದುರಿಗೆ ಕೂರಿಸಿಕೊಂಡಂತಿರುತ್ತದೆ. ಈ ಪರಿಣಾಮಕ್ಕೆ ಮುಖ್ಯ ಕಾರಣ ಸಂಬೋಧನಾ ನಿಪಾತಗಳು: ಹಳೆಯ ಮೈಸೂರಿನ 'ಕಣ್ರೀ', ಕರಾವಳಿಯ 'ಮಾರಾಯ್ರೆ', ಧಾರವಾಡದ 'ನೋಡ್ರಿ', ಎಲ್ಲೆಡೆಯ 'ಅಲ್ವಾ'. ಇವಕ್ಕೆ ವಾಕ್ಯಾರ್ಥದಲ್ಲಿ ಪಾಲಿಲ್ಲ. ಆದರೆ ಕೇಳುವವರೊಬ್ಬರು ಇದ್ದಾರೆಂಬ ಪೂರ್ವಗ್ರಹೀತವಿಲ್ಲದೆ ಇವುಗಳಲ್ಲಿ ಒಂದನ್ನೂ ಬಳಸಲಾಗದು. ಒಂಟಿಯಾಗಿ ಓದುತ್ತಿರುವವರು 'ಅಲ್ವಾ' ಎಂಬುದನ್ನು ಎದುರುಗೊಂಡಾಗ ಆ ಕೇಳುಗರ ಜಾಗದಲ್ಲಿ ತಾವೇ ಕೂತಿರುತ್ತಾರೆ. ಜೊತೆಗೆ ಈ ನಿಪಾತಗಳು ಪ್ರದೇಶವನ್ನೂ ಗೌರವದ ಮಟ್ಟವನ್ನೂ ಸೂಚಿಸುತ್ತವೆ: 'ಕಣ್ರೀ' ಎಂದವರು ಓದುಗರನ್ನು ಪಕ್ಕದ ಮನೆಯವರಂತೆ ಗೌರವದಿಂದ ಕಂಡರೆ, 'ಕಣೋ' ಎಂದವರು ಗೆಳೆಯನಂತೆ ಕಂಡಿರುತ್ತಾರೆ.

'ನಾವು' ಎಂಬ ಸರ್ವನಾಮವೂ ಇಲ್ಲಿ ವಿಶೇಷ ಕೆಲಸ ಮಾಡುತ್ತದೆ. ತುಳುವಿನಲ್ಲಿ ಕೇಳುಗರನ್ನು ಒಳಗೊಂಡ 'ನಮ' ಬೇರೆ, ಹೊರಗಿಟ್ಟ 'ಎಂಕುಲು' ಬೇರೆ. ಕನ್ನಡದಲ್ಲಿ ಈ ಭೇದವಿಲ್ಲ. 'ನಾವು ಚಿಕ್ಕವರಿದ್ದಾಗ ಮಳೆಗಾಲವೆಂದರೆ ಹಲಸಿನ ಹಪ್ಪಳ' ಎಂಬ ವಾಕ್ಯ ಲೇಖಕರ ಮನೆಯ ಮಕ್ಕಳನ್ನಷ್ಟೇ ಸೂಚಿಸಿರಬಹುದು. ಹಾಗೆಯೇ ಬೆಳೆದ ಓದುಗರು ತಮ್ಮನ್ನೂ ಅದರೊಳಗೆ ಸೇರಿಸಿಕೊಳ್ಳಲು ವ್ಯಾಕರಣ ಅಡ್ಡಿಪಡಿಸುವುದಿಲ್ಲ. ತುಳುವಿನಲ್ಲಿ ಬರೆಯುವವರು ಆರಿಸಲೇಬೇಕಾದದ್ದನ್ನು ಕನ್ನಡದಲ್ಲಿ ಬರೆಯುವವರು ತೆರೆದಿಡಬಹುದು.

4.4 ಭಾಷಾಮಿಶ್ರಣ

ಕನ್ನಡ-ಇಂಗ್ಲಿಷ್ ಮಿಶ್ರಣದ ಕಾರ್ಯಗಳನ್ನು ಎಸ್. ಎನ್. ಶ್ರೀಧರ್ 1978ರಷ್ಟು ಹಿಂದೆಯೇ ವಿವರಿಸಿದ್ದಾರೆ. 'ಅಪ್‌ಡೇಟ್ ಮಾಡು' ಎಂಬಂಥ ರಚನೆಗಳು ಬ್ಲಾಗಿಗೆ ವಿಶಿಷ್ಟವಲ್ಲವಾದ್ದರಿಂದ ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬ್ಲಾಗಿನಲ್ಲಿ ಗಮನಿಸಬೇಕಾದದ್ದು ಎರವಲು ಪದದ ಬರಹರೂಪ. ಒಬ್ಬರೇ ಬರಹಗಾರರು 'ಬಸ್ಸು', 'ಆಫೀಸು' ಎಂದು ಉಕಾರಾಂತವಾಗಿಯೂ 'ಲ್ಯಾಪ್‌ಟಾಪ್', 'ಇಮೇಲ್' ಎಂದು ವ್ಯಂಜನಾಂತವಾಗಿಯೂ ಬರೆಯುತ್ತಾರೆ. ಪದ ಮನೆಮಾತಿನ ಮೂಲಕ ಬಂತೋ ಶಾಲೆ-ಕಚೇರಿಗಳ ಮೂಲಕ ಬಂತೋ ಎಂಬುದರ ಕುರುಹು ಈ ವ್ಯತ್ಯಾಸದಲ್ಲಿರಬಹುದು.

5. ಆಪ್ತತೆಯ ಭಾಷಿಕ ವಿವರಣೆ

ಬ್ಲಾಗುಗಳ ಆಕರ್ಷಣೆಯನ್ನು ಓದುಗರು ಸಾಮಾನ್ಯವಾಗಿ 'ಎದುರಿಗೆ ಕೂತು ಮಾತಾಡಿದ ಹಾಗಿದೆ' ಎಂಬ ಮಾತಿನಲ್ಲಿ ಹೇಳುತ್ತಾರೆ. ಈ ಅನಿಸಿಕೆಯನ್ನು ವಿವರಿಸಲು ಆಲನ್ ಬೆಲ್ 1984ರಲ್ಲಿ ಮಂಡಿಸಿದ ಶ್ರೋತೃವಿನ್ಯಾಸದ ಸಿದ್ಧಾಂತ ನೆರವಾಗುತ್ತದೆ. ಮಾತನಾಡುವವರ ಶೈಲಿ ಮುಖ್ಯವಾಗಿ ಕೇಳುವವರಿಗೆ ತಕ್ಕಂತೆ ರೂಪುಗೊಳ್ಳುತ್ತದೆ ಎಂಬುದು ಅದರ ತಿರುಳು. ಪತ್ರಿಕೆಯ ಲೇಖಕರ ಮೊದಲ ಕೇಳುಗರು ಸಂಪಾದಕರು. ಬರಹ ಅವರಿಗೆ ಒಪ್ಪಿಗೆಯಾಗುವ ಶೈಲಿಯನ್ನು ಮೊದಲೇ ತಾಳಿರುತ್ತದೆ. ಬ್ಲಾಗಿನಲ್ಲಿ ಆ ಕೇಳುಗರಿಲ್ಲ. ಬರೆಯುವವರು ತಮಗೆ ಬೇಕಾದ ಓದುಗರನ್ನು ಕಲ್ಪಿಸಿಕೊಂಡು ಅವರಿಗೆ ತಕ್ಕ ಕನ್ನಡವನ್ನು ಆರಿಸುತ್ತಾರೆ. ಆ ಕನ್ನಡವನ್ನು ತನ್ನದೆಂದು ಗುರುತಿಸಿದ ಓದುಗರು ಉಳಿಯುತ್ತಾರೆ, ಉಳಿದವರು ಹೊರಡುತ್ತಾರೆ. ಹೀಗೆ ಶೈಲಿ ಓದುಗರನ್ನು ಅನುಸರಿಸುವಷ್ಟೇ ಮಟ್ಟಿಗೆ ಓದುಗರೂ ಶೈಲಿಯನ್ನು ಅನುಸರಿಸುತ್ತಾರೆ.

ಸಾಮಾಜಿಕ ಜಾಲಗಳೊಂದಿಗೆ ಹೋಲಿಸಿದಾಗ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಬಂಧುಗಳು, ಸಹೋದ್ಯೋಗಿಗಳು, ಅಪರಿಚಿತರು ಒಂದೇ ಸಭೆಯಲ್ಲಿರುತ್ತಾರೆ. ಮಾರ್ವಿಕ್ ಮತ್ತು ಬಾಯ್ಡ್ (2011) ಸಂದರ್ಭಗಳ ಕುಸಿತ ಎಂದು ಕರೆದ ಈ ಸ್ಥಿತಿ ಬರೆಯುವವರನ್ನು ಎಲ್ಲರಿಗೂ ಸಲ್ಲುವ ಶೈಲಿಯ ಕಡೆಗೆ ತಳ್ಳುತ್ತದೆ. ಬ್ಲಾಗಿಗೆ ಓದುಗರು ತಾವಾಗಿ ಬರಬೇಕು. ಬಂದವರು ಲೇಖಕರ ಅಂಗಳಕ್ಕೆ ಬಂದಿರುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬ್ಲಾಗಿನ ಆಡುನುಡಿ ಮಾತಿನ ಲಿಪ್ಯಂತರವಲ್ಲ. ಅದು ಬರೆದು, ಮತ್ತೆ ಓದಿ, ಒಪ್ಪಿದ ಮೇಲೆ ಪ್ರಕಟಿಸಿದ ಆಡುನುಡಿ. ಮಾತಿನ ಲಕ್ಷಣಗಳಲ್ಲಿ ಕೆಲವನ್ನು ಆರಿಸಿ, ಎದ್ದುಕಾಣುವಂತೆ ಮಾಡಿ, ಉಳಿದವನ್ನು ಬಿಟ್ಟಿರುವ ಶೈಲೀಕರಣ ಅದು. 'ಕಣ್ರೀ' ಬರುತ್ತದೆ, ಮಾತಿನಲ್ಲಿ ಸಹಜವಾದ ತಡವರಿಕೆ, ಅರ್ಧಕ್ಕೆ ಬಿಟ್ಟ ವಾಕ್ಯ ಬರುವುದಿಲ್ಲ. ಆದ್ದರಿಂದ ಬ್ಲಾಗಿನಿಂದ ಒಂದು ಉಪಭಾಷೆಯ ವರ್ಣನೆಯನ್ನು ನೇರವಾಗಿ ಕಟ್ಟಲಾಗದು. ತಮ್ಮ ಉಪಭಾಷೆಯ ಯಾವ ಲಕ್ಷಣ ಅದರ ಗುರುತೆಂದು ಅದನ್ನಾಡುವವರೇ ಭಾವಿಸುತ್ತಾರೆ ಎಂಬುದನ್ನು ಮಾತ್ರ ಇದರಿಂದ ಚೆನ್ನಾಗಿ ತಿಳಿಯಬಹುದು.

6. ಆಕರವಾಗಿ ಬ್ಲಾಗು

ಕನ್ನಡ ಪಠ್ಯಕೋಶಗಳ ಕೆಲಸ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಮುದ್ರಿತ ಗದ್ಯದಿಂದ ಆರಂಭವಾಯಿತು. ಅದಕ್ಕೆ ಬ್ಲಾಗುಗಳು ಪೂರಕವಾಗಬಲ್ಲವು. ಅವುಗಳ ದೊಡ್ಡ ಗುಣ ದಿನಾಂಕ. ಒಬ್ಬರೇ ವ್ಯಕ್ತಿ ಹತ್ತು ವರ್ಷ ಬರೆದಿದ್ದರೆ ಅವರ ವ್ಯಕ್ತಿಭಾಷೆಯ ಬದಲಾವಣೆಯನ್ನು ಬರಹದಿಂದ ಬರಹಕ್ಕೆ ಹಿಂಬಾಲಿಸಬಹುದು. ಸಾಮಾಜಿಕ ಭಾಷಾವಿಜ್ಞಾನದಲ್ಲಿ ಸಾಮಾನ್ಯವಾಗಿ ಬೇರೆಬೇರೆ ವಯಸ್ಸಿನವರನ್ನು ಹೋಲಿಸಿ ಬದಲಾವಣೆಯನ್ನು ಊಹಿಸುತ್ತೇವೆ. ಒಬ್ಬರನ್ನೇ ದೀರ್ಘಕಾಲ ಗಮನಿಸುವ ಅವಕಾಶ ಅಪರೂಪ. ಊರು ಬಿಟ್ಟು ಹೊರನಾಡಿನಲ್ಲಿ ನೆಲೆಸಿದವರ ಬರಹದಲ್ಲಿ ಊರಿನ ನುಡಿ ಕ್ರಮೇಣ ತೆಳುವಾಗುತ್ತದೆಯೋ, ಗುರುತಿನ ಅಗತ್ಯದಿಂದ ಇನ್ನಷ್ಟು ದಟ್ಟವಾಗುತ್ತದೆಯೋ ಎಂಬ ಪ್ರಶ್ನೆಗೆ ಈ ಆಕರದಲ್ಲಿ ಉತ್ತರ ಹುಡುಕಬಹುದು.

ನೀತಿಯ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಇದೆ. ಸಾರ್ವಜನಿಕವಾಗಿ ದೊರೆಯುತ್ತದೆ ಎಂದಮಾತ್ರಕ್ಕೆ ಸಂಶೋಧನೆಗೆ ಒಪ್ಪಿಗೆ ಸಿಕ್ಕಂತಲ್ಲ. ಒಂದು ವಾಕ್ಯವನ್ನು ಯಥಾವತ್ತಾಗಿ ಉಲ್ಲೇಖಿಸಿದರೆ ಹುಡುಕುಯಂತ್ರದ ಮೂಲಕ ಬರೆದವರನ್ನು ಕ್ಷಣದಲ್ಲಿ ಪತ್ತೆಹಚ್ಚಬಹುದು. ಹಕಾರಲೋಪದ ಉದಾಹರಣೆಯಾಗಿ ಉಲ್ಲೇಖಗೊಂಡವರಿಗೆ ಅದು ತಮ್ಮ ಜಾತಿ-ವರ್ಗಗಳ ಬಗೆಗಿನ ಟಿಪ್ಪಣಿಯಾಗಿ ಕೇಳಿಸಬಹುದು. ಅಂತರ್ಜಾಲ ಸಂಶೋಧಕರ ಅಂತರರಾಷ್ಟ್ರೀಯ ಸಂಘ 2002ರಿಂದ ಪ್ರಕಟಿಸುತ್ತ ಬಂದಿರುವ ಮಾರ್ಗಸೂಚಿಗಳೂ ಸಂದರ್ಭವನ್ನು ತೂಗಿನೋಡಿ ನಿರ್ಧರಿಸಬೇಕೆನ್ನುತ್ತವೆ. ಈ ಲೇಖನದಲ್ಲಿ ಮಾದರಿ ವಾಕ್ಯಗಳನ್ನು ನಾವೇ ರಚಿಸಿದ್ದು ಈ ಕಾರಣಕ್ಕೆ. ಪ್ರಮಾಣಾತ್ಮಕ ಅಧ್ಯಯನ ಕೈಗೊಳ್ಳುವವರು ಬರಹಗಾರರ ಅನುಮತಿ ಪಡೆಯುವುದೇ ಸರಿಯಾದ ದಾರಿ. ಅನುಮತಿ ಕೇಳುವಾಗ ಅವರು ಬಳಸಿದ ಕೀಲಿಮಣೆ, ಬೆಳೆದ ಊರು, ಮನೆಮಾತುಗಳನ್ನೂ ಕೇಳಿ ತಿಳಿಯಬಹುದು, 4.1ರಲ್ಲಿ ಹೇಳಿದ ಮೂರು ಮೂಲಗಳನ್ನು ಬೇರ್ಪಡಿಸಲು ಈ ಮಾಹಿತಿಯೇ ಆಧಾರ.

ಇದಕ್ಕೆ ಕಾಲಾವಕಾಶ ಬಹಳ ಇಲ್ಲ. ಲಕ್ಷಾಂತರ ಮಂದಿಯ ಸ್ವಂತ ಪುಟಗಳಿದ್ದ ಜಿಯೋಸಿಟೀಸ್ ಸೇವೆ 2009ರಲ್ಲಿ ಮುಚ್ಚಿತು. ಬ್ಲಾಗುಗಳನ್ನು ಒಂದೆಡೆ ಕೂಡಿಸಿ ಓದಲು ಅನೇಕರು ನೆಚ್ಚಿಕೊಂಡಿದ್ದ ಗೂಗಲ್ ರೀಡರ್ 2013ರಲ್ಲಿ ನಿಂತಿತು. ಬರೆದವರು ಮರೆತ, ನವೀಕರಿಸದ ವಿಳಾಸಗಳು ಒಂದೊಂದಾಗಿ ಇಲ್ಲವಾಗುತ್ತವೆ. ಇಂಟರ್ನೆಟ್ ಆರ್ಕೈವ್ ಪುಟಗಳ ಪ್ರತಿಗಳನ್ನು ಉಳಿಸುತ್ತದೆ. ಆದರೆ ಎಲ್ಲವನ್ನೂ ಅಲ್ಲ, ಭಾಷಾಸಂಶೋಧಕರಿಗೆ ಬೇಕಾದ ವಿವರಗಳೊಂದಿಗೆ ಅಂತೂ ಅಲ್ಲ. ಗಣಕದಲ್ಲಿ ಕನ್ನಡ ಬರೆಯಲು ಕಲಿತ ಮೊದಲ ತಲೆಮಾರಿನ ತಿದ್ದದ ಗದ್ಯ ಹೀಗೆ ಕಳೆದುಹೋದರೆ ಅದನ್ನು ಮತ್ತೆ ಸಂಗ್ರಹಿಸುವ ಉಪಾಯವಿಲ್ಲ.

ಸಂಗ್ರಹಿಸುವವರು ಮೂರು ಅಂಶಗಳನ್ನು ಪಾಲಿಸಬೇಕೆಂಬುದು ನಮ್ಮ ಸಲಹೆ. ಒಂದು, ಮೂಲ ಪಠ್ಯವನ್ನು ಅದರ ಸೊನ್ನೆ-ಅನುಸ್ವಾರಗಳ ಗೊಂದಲ ಸಹಿತ ಹಾಗೆಯೇ ಉಳಿಸಿ, ಸರಿಪಡಿಸಿದ ಪಾಠವನ್ನು ಪ್ರತ್ಯೇಕ ಪದರವಾಗಿ ಇಡಬೇಕು. ಎರಡು, ಪ್ರಕಟಣೆಯ ದಿನಾಂಕದ ಜೊತೆಗೆ ತಿದ್ದಿದ ದಿನಾಂಕವಿದ್ದರೆ ಅದನ್ನೂ ದಾಖಲಿಸಬೇಕು. ಮೂರು, ಓದುಗರ ಪ್ರತಿಕ್ರಿಯೆಗಳನ್ನು ಬರಹದಿಂದ ಬೇರ್ಪಡಿಸಬಾರದು. ಬರೆದವರ ಶೈಲಿಗೆ ಓದುಗರು ಒಗ್ಗಿಕೊಂಡದ್ದು ಕಾಣುವುದು ಅಲ್ಲಿಯೇ. ಇದಕ್ಕೆ ದೊಡ್ಡ ಯೋಜನೆಯೇ ಬೇಕೆಂದಿಲ್ಲ. ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಭಾಷಾವಿಜ್ಞಾನ ವಿಭಾಗಗಳ ಸಂಶೋಧನ ವಿದ್ಯಾರ್ಥಿಗಳು ಅನುಮತಿ ಪಡೆದ ಕೆಲವೇ ಬ್ಲಾಗುಗಳನ್ನು ಈ ಕ್ರಮದಲ್ಲಿ ಸಂಗ್ರಹಿಸಿದರೂ, ಕಾಲಕ್ರಮದಲ್ಲಿ ಹೋಲಿಕೆಗೆ ಸಿಗುವ ಒಂದು ಭಂಡಾರವಾಗುತ್ತದೆ.

7. ಉಪಸಂಹಾರ

ಸ್ವತಂತ್ರ ವೈಯಕ್ತಿಕ ಬ್ಲಾಗುಗಳ ವೈವಿಧ್ಯವನ್ನೂ ಆಕರ್ಷಣೆಯನ್ನೂ ಎರಡು ಪ್ರತ್ಯೇಕ ಸಂಗತಿಗಳೆಂದು ನೋಡಬೇಕಾಗಿಲ್ಲ ಎಂಬುದು ಈ ಚರ್ಚೆಯ ನಿಷ್ಕರ್ಷೆ. ಕಾಗುಣಿತದಲ್ಲಿ, ಕ್ರಿಯಾರೂಪದಲ್ಲಿ, ಸಂಬೋಧನೆಯಲ್ಲಿ, ಎರವಲಿನ ಬಳಕೆಯಲ್ಲಿ ಬರಹಗಾರರು ಮಾಡಿಕೊಂಡ ಆಯ್ಕೆಗಳು ಒಟ್ಟಾಗಿ ನೋಡಿದಾಗ ವೈವಿಧ್ಯವಾಗಿ ಕಾಣುತ್ತವೆ. ಒಬ್ಬ ಓದುಗರ ಎದುರು ಅವೇ ಆಪ್ತತೆಯಾಗಿ ಕೆಲಸ ಮಾಡುತ್ತವೆ. ಶಿಷ್ಟ ಕನ್ನಡ ಇದರಿಂದ ಸಡಿಲಗೊಂಡಿತೆಂದು ಆತಂಕಪಡುವುದಕ್ಕೆ ಆಧಾರ ಕಾಣದು. ಮಾದರಿ (1)ರಲ್ಲಿ ಕಂಡಂತೆ, ಮಾತಿನ ರೂಪಕ್ಕೆ ಅರ್ಥ ಬರುವುದೇ ಅದರ ಪಕ್ಕದಲ್ಲಿ ಶಿಷ್ಟರೂಪ ಇರುವುದರಿಂದ. ಬರಹದ ಕನ್ನಡಕ್ಕೆ ಒಂದೇ ದನಿ ಎಂದು ಭಾವಿಸಿ ಕಟ್ಟಿದ ವರ್ಣನೆಗಳನ್ನು ಮರುಪರಿಶೀಲಿಸಲು ಈ ಪಠ್ಯಗಳು ಅವಕಾಶ ಕೊಡುತ್ತವೆ. ಆ ಕೆಲಸ ಅವು ಜಾಲದಲ್ಲಿ ಉಳಿದಿರುವಾಗಲೇ ಆರಂಭವಾಗಬೇಕು.